ಟ್ರಂಕಿನೊಳಗಿನ ಏಳು ರೊಟ್ಟಿ

ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಫಕ್ಕೀರಪ್ಪ ತಗಡಿನ ತುತ್ತೂರಿಯನ್ನು ಬಾಯಿಗೆ ಹಿಡಿದನೆಂದರೆ ಇಡೀ ತಾಲೂಕು ಅವನ ಮಾತು ಕೇಳುತ್ತಿತ್ತು. ಹಾನಗಲ್ಲಿನವರು ಎಡಕ್ಕೆ ಬನ್ನಿ ಎಂದರೆ ಎಡಕ್ಕೆ ಬರುತ್ತಿತ್ತು, ಕುರಿ ಕೆಳಗಿಳಿಸಿ ಎಂದರೆ ಇಳಿಸುತ್ತಿತ್ತು. ಒಂದೊಂದು ಊರಿನ ಬಸ್ಸಿಗೂ ಅವನು ಒಂದೊಂದು ದನಿ ಮೀಸಲಿಟ್ಟಿದ್ದ. ಶಿಗ್ಗಾವಿಗೆ ಪೈಲ್ವಾನನ ದನಿ. ಸವಣೂರಿಗೆ ನವಾಬರ ದನಿ. ಚಿಕ್ಕೇರೂರಿನ ಬಸ್ಸನ್ನು ಮಾತ್ರ ಕೆಮ್ಮಿಯೇ ಕರೆಯುತ್ತಿದ್ದ, ಯಾಕೆಂದರೆ ಆ ಬಸ್ಸೂ ಕೆಮ್ಮುತ್ತಲೇ ಬರುತ್ತಿತ್ತು.

ದಿನಕ್ಕೆ ಮೂವತ್ತೆಂಟು ಬಸ್ಸುಗಳನ್ನು ಊರೂರಿಗೆ ಅಟ್ಟುವ ಈ ಮಹಾಶಯ, ತನ್ನ ಮನೆ ಬಾಗಿಲಿನಿಂದ ಹನ್ನೊಂದು ಹೆಜ್ಜೆ ಆಚೆಗಿದ್ದ ಇನ್ನೊಂದು ಬಾಗಿಲಿಗೆ ಎಂಟು ವರ್ಷದಿಂದ ಹೋಗಿರಲಿಲ್ಲ.

ಆ ಬಾಗಿಲು ಕುಬೇರಪ್ಪನವರದು. ಫಕ್ಕೀರನ ಪಕ್ಕದಲ್ಲಿ ಕುಬೇರನನ್ನು ಕೂರಿಸಿದ ದೇವರು ತಮಾಷೆ ಮಾಡಿದ್ದನೋ ಏನೋ, ಕುಬೇರಪ್ಪನವರ ಬಳಿ ಇದ್ದ ಐಶ್ವರ್ಯ ಎರಡೇ. ಒಂದು ಮೀಸೆ, ಇನ್ನೊಂದು ಮಗಳು ಸರೋಜವ್ವ. ಎರಡನ್ನೂ ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಎರಡು ಮನೆಗಳ ನಡುವಿನ ಜಗಳ ಹುಟ್ಟಿದ್ದು ೧೯೭೧ರ ರೊಟ್ಟಿ ಹಬ್ಬದ ದಿನ. ನಾಗರ ಪಂಚಮಿಗೆ ಮುಂಚೆ ಬರುವ ಆ ದಿನ ಓಣಿಯ ಪ್ರತಿ ಮನೆಯಿಂದ ಪ್ರತಿ ಮನೆಗೆ ರೊಟ್ಟಿ ಹೋಗಬೇಕು, ತಿರುಗಿ ಬರಬೇಕು. ಯಾರ ರೊಟ್ಟಿ ಯಾರದೆಂದು ಗೊಂದಲ ಆಗದಿರಲೆಂದು ಮನೆಗೊಂದು ಗುರುತು. ಫಕ್ಕೀರಪ್ಪನ ತಾಯಿ ಉಡಚವ್ವನ ರೊಟ್ಟಿಯ ಅಂಚಿಗೆ ಬೆರಳಿನ ಚಿವುಟು, ಕುಬೇರಪ್ಪನವರ ಮನೆಯ ರೊಟ್ಟಿಯ ಮೂಲೆಗೆ ಎಳ್ಳಿನ ಅರ್ಧಚಂದ್ರ. ರೊಟ್ಟಿಗೆ ಮೂಲೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಆ ವರ್ಷದ ಅರ್ಧಚಂದ್ರದ ರೊಟ್ಟಿಗೆ ನಿಜವಾಗಿಯೂ ಮೂಲೆಗಳಿದ್ದವು, ನಾಲ್ಕು.

ಹೊಸದಾಗಿ ಕಂಟ್ರೋಲರ್ ಆಗಿದ್ದ ಫಕ್ಕೀರಪ್ಪ ಕಟ್ಟೆಯ ಮೇಲೆ ಕೂತು ಆ ರೊಟ್ಟಿಯನ್ನು ಮುರಿಯಲು ನೋಡಿದ. ಅದು ಮುರಿಯಲಿಲ್ಲ. ಓಣಿಯವರೆಲ್ಲ ನೋಡುತ್ತಿದ್ದಾರೆ. ನೋಡುವವರಿದ್ದರೆ ಸುಮ್ಮನಿರುವ ಗುಣ ಅವನ ಜಾತಕದಲ್ಲಿಯೇ ಇರಲಿಲ್ಲ. ತುತ್ತೂರಿ ಎತ್ತಿ ಕೂಗಿದ: "ಪ್ರಯಾಣಿಕರ ಗಮನಕ್ಕೆ! ಕುಬೇರಪ್ಪನವರ ಮನೆಯಿಂದ ಹೊರಟ ರೊಟ್ಟಿ ಈಗ ನಮ್ಮ ತಾಟಿಗೆ ಬಂದು ನಿಂತಿದೆ. ಹಲ್ಲು ಗಟ್ಟಿ ಇದ್ದವರು ಮಾತ್ರ ಹತ್ತಬೇಕು!"

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕುಬೇರಪ್ಪನವರ ಹೆಂಡತಿ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಹದಿನೇಳರ ಸರೋಜವ್ವ ಹುಟ್ಟಿದಂದಿನಿಂದ ಮೊದಲ ಸಲ ಒಬ್ಬಳೇ ಕೂತು ಹಬ್ಬದ ರೊಟ್ಟಿ ಬಡಿದಿದ್ದಳು. ಫಕ್ಕೀರಪ್ಪನಿಗೆ ಇದು ನೆನಪಾದದ್ದು ತುತ್ತೂರಿ ಕೆಳಗಿಟ್ಟ ಮೇಲೆ, ಅಂದರೆ ನೆನಪಿನಿಂದ ಯಾವ ಪ್ರಯೋಜನವೂ ಇಲ್ಲದ ಹೊತ್ತಿನಲ್ಲಿ. ಆಚೆ ಬಾಗಿಲಿನಲ್ಲಿ ಒಂದು ಸೆರಗಿನ ತುದಿ ಕಂಡಿತು, ಮಾಯವಾಯಿತು.

ಮರುದಿನವೇ ಕುಬೇರಪ್ಪನವರು ನಡುಗೋಡೆಯ ಮೇಲೆ ಎರಡು ವರಸೆ ಇಟ್ಟಂಗಿ ಏರಿಸಿದರು. ಉಡಚವ್ವ ತನ್ನ ಮಾಳಿಗೆಯ ನೀರು ಆ ಗೋಡೆಗೇ ಬೀಳುವಂತೆ ಸೂರಿನ ನೀರು ಹರಿಯುವ ದೋಣಿ ತಿರುಗಿಸಿದಳು. ಅವರು ಮತ್ತೆರಡು ವರಸೆ ಏರಿಸಿದರು. ಎರಡೂ ಮನೆಗಳು ಒಂದೇ ಕುಲ, ಒಂದೇ ಮಠ, ಒಂದೇ ಬಾವಿ. ಜಗಳಕ್ಕೆ ಬೇರೆ ಕಾರಣವೇ ಇಲ್ಲದ್ದರಿಂದ ಇದ್ದೊಂದು ಕಾರಣವನ್ನು ಬಹಳ ಜೋಪಾನ ಮಾಡಿದರು. ಉಡಚವ್ವ ನೇರವಾಗಿ ಬೈಯುತ್ತಿರಲಿಲ್ಲ. ಎಮ್ಮೆಯ ಮುಂದೆ ನಿಂತು, "ಏನ ಮೀಸಿ ತಿರುವತೀಯ ನೀ! ಹಿಂಡಿದ್ರ ಅರ್ಧ ಸೇರು ಹಾಲಿಲ್ಲ!" ಎನ್ನುತ್ತಿದ್ದಳು. ಎಮ್ಮೆಗೆ ಮೀಸೆ ಇರಲಿಲ್ಲ. ಆದ್ದರಿಂದ ಗೋಡೆಯಾಚೆಗೆ ಅರ್ಥವಾಗುತ್ತಿತ್ತು.

ಆದರೆ ಗೋಡೆ ಎಷ್ಟು ಎತ್ತರವಾದರೂ ಶಬ್ದ ದಾಟಿ ಬರುತ್ತದೆ. ದಿನಾ ಬೆಳಿಗ್ಗೆ ಆರೂಕಾಲಿನ ಹಾವೇರಿ ಬಸ್ಸಿಗೆ ಮುಂಚೆ ಆಚೆಯಿಂದ ಟಪ ಟಪ ಎಂದು ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಮೊದಮೊದಲು ಎಡವಿ ಎಡವಿ ಬರುತ್ತಿದ್ದ ಸಪ್ಪಳ ಒಂದೆರಡು ವರ್ಷದಲ್ಲಿ ತಾಳ ಹಿಡಿಯಿತು. ಫಕ್ಕೀರಪ್ಪ ಅಂಗಿಯ ಗುಂಡಿ ಹಾಕುವುದನ್ನು ಮರೆತು ಗೋಡೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದ. ಹಾವೇರಿ ಬಸ್ಸು ಅವನಿಲ್ಲದೆಯೇ ಹೋಗುತ್ತಿತ್ತು. ಸರೋಜವ್ವ ವರ್ಷಕ್ಕೊಮ್ಮೆ ಮಾಸೂರಿನ ಅತ್ತೆಯ ಮನೆಗೆ ಹೋಗುವಾಗ ಅವನು ಮಾಸೂರಿನ ಬಸ್ಸನ್ನು ಒಂದಲ್ಲ ಏಳು ಸಲ ಕೂಗುತ್ತಿದ್ದ. ಬೇರೆ ಪ್ರಯಾಣಿಕರೆಲ್ಲ ಗಾಬರಿಯಾಗಿ ಓಡೋಡಿ ಹತ್ತುತ್ತಿದ್ದರು. ಅವಳು ತಿರುಗಿ ನೋಡಲಿ ಎಂದು ಕೂಗಿದ್ದು. ಅವಳೊಬ್ಬಳು ಮಾತ್ರ ತಿರುಗುತ್ತಿರಲಿಲ್ಲ.

ರೊಟ್ಟಿ ಹಬ್ಬದ ದಿನ ಮಾತ್ರ ಅವನಿಗೆ ಒಂದು ದಾರಿಯಿತ್ತು. ಆ ದಾರಿಯ ಹೆಸರು ಗೌಹರ. ಎದುರುಮನೆಯ ಈಕೆ, ಗ್ಯಾರೇಜಿನ ಬಾಬಾಜಾನನ ಹೆಂಡತಿ, ಎರಡೂ ಮನೆಗಳ ಜೊತೆ ರೊಟ್ಟಿ ಕೊಟ್ಟು ತರುತ್ತಿದ್ದಳು. ೧೯೭೨ರಲ್ಲಿ ಆಕೆ ತಂದ ಬುಟ್ಟಿಯ ತಳದಲ್ಲಿ ಅರ್ಧಚಂದ್ರದ ಒಂದು ರೊಟ್ಟಿ ಇತ್ತು. ಕೈತಪ್ಪಿ ಬಂದಿರಬೇಕೆಂದುಕೊಂಡು ಫಕ್ಕೀರಪ್ಪ ಅದನ್ನು ಅಂಗಿಯೊಳಗೆ ಸೇರಿಸಿದ. ಮರುವರ್ಷವೂ ಕೈತಪ್ಪಿ ಬಂತು. ಏಳು ವರ್ಷ ತಪ್ಪದೆ ಕೈತಪ್ಪಿ ಬಂತು.

ಅವನು ಒಂದನ್ನೂ ತಿನ್ನಲಿಲ್ಲ. ಹುಳ ಹತ್ತದಿರಲೆಂದು ಬೇವಿನ ತಪ್ಪಲು ಹಾಕಿ, ಒಂದೊಂದನ್ನೂ ಬಸ್ಸಿನ ವೇಳೆ ಬರೆಯುವ ಹಾಳೆಯಲ್ಲಿ ಮಡಚಿ, ಮೇಲೆ ಕೆಂಪು ಶಾಯಿಯಲ್ಲಿ ಇಸವಿ ಬರೆದು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಆ ಹಾಳೆಯಲ್ಲಿ ಬರಬೇಕಾದ ವೇಳೆ, ಬಂದ ವೇಳೆ, ತಡವಾದ ಕಾರಣ ಎಂದು ಮೂರು ಅಂಕಣಗಳಿರುತ್ತವೆ. ಅಂಕಣ ಖಾಲಿ ಬಿಟ್ಟು ಅಭ್ಯಾಸವಿಲ್ಲದ ಮನುಷ್ಯ ಮಡಚುವ ಮುಂಚೆ ಅದನ್ನೂ ತುಂಬಿಸುತ್ತಿದ್ದ. ತಡವಾದ ಕಾರಣ: ಗೋಡೆ. ಮರುವರ್ಷ: ಗೋಡೆ, ಮತ್ತೆ ಎರಡು ವರಸೆ. ಒಂದು ವರ್ಷ: ಕುಬೇರಪ್ಪನವರ ಮೀಸೆ. ೧೯೭೮ರಲ್ಲಿ: ಚಾಲಕನಿಗೆ ಧೈರ್ಯವಿಲ್ಲ.

ಈ ಏಳು ವರ್ಷ ಉಡಚವ್ವ ಮಗನಿಗೆ ಹೆಣ್ಣು ನೋಡಿ ನೋಡಿ ಸೋತಿದ್ದಳು. ಒಂದು ಹೆಣ್ಣು ಎತ್ತರವಾಯಿತು, ಒಂದು ಕುಳ್ಳಾಯಿತು, ಒಂದರ ಊರಿಗೆ ಬಸ್ಸಿಲ್ಲ ಎಂದ. ಬಸ್ಸಿರುವ ಊರಿನದನ್ನು ತಂದರೆ ಬಸ್ಸು ಬಹಳ ತುಂಬಿರುತ್ತದೆ ಎಂದ.

೧೯೭೯ರ ರೊಟ್ಟಿ ಹಬ್ಬದ ಹಿಂದಿನ ದಿನ ಗೌಹರ ಕಟ್ಟೆಯ ಹತ್ತಿರ ನಿಂತು, "ತಮ್ಮಾ, ನಾಳೆ ಸರೋಜವ್ವನ್ನ ನೋಡಾಕ ಸವಣೂರಿಂದ ಬರ್ತಾರಂತ. ಒಪ್ಪಿದ್ರ ದೀಪಾವಳಿ ಮುಂದ ಮದುವಿ," ಎಂದಳು.

"ಛಲೋ ಆತಲ್ಲಕ್ಕ," ಎಂದ ಫಕ್ಕೀರಪ್ಪ, ಯಾವ ಊರಿನ ಬಸ್ಸಿನದೂ ಅಲ್ಲದ ಒಂದು ದನಿಯಲ್ಲಿ.

ಮರುದಿನ ಬೆಳಿಗ್ಗೆ ಆಚೆಯಿಂದ ಟಪ ಟಪ ಕೇಳುತ್ತ ಕೇಳುತ್ತ ಟ್ರಂಕು ತೆಗೆದು ನೋಡಿ, ಮುಚ್ಚಿ, ಕೀಲಿಯನ್ನು ಬೀಗದಲ್ಲಿಯೇ ಮರೆತು ಕೆಲಸಕ್ಕೆ ಹೋದ. ಹತ್ತು ಗಂಟೆಗೆ ಸವಣೂರಿನ ಬಸ್ಸು ಬಂತು. ಜರಿ ರುಮಾಲಿನ ಹಿರಿಯರೊಬ್ಬರು ಇಳಿದು ನೇರ ಅವನ ಹತ್ತಿರವೇ ಬಂದರು. ಹಿಂದೆ ಇಸ್ತ್ರಿ ಮುರಿಯಬಾರದೆಂದು ಕಾಲು ಮಡಚದೆ ನಡೆಯುವ ಒಬ್ಬ ವರ.

"ಸಾಹೇಬ್ರ, ಕುಬೇರಪ್ಪನವರ ಮನಿಗೆ ಹೆಂಗ ಹೋಗಬೇಕ್ರಿ?"

ಬೇರೆಯವನಾಗಿದ್ದರೆ ಚಿಕ್ಕೇರೂರಿನ ದಾರಿ ತೋರಿಸಿಬಿಡುತ್ತಿದ್ದ. ಫಕ್ಕೀರಪ್ಪ ತಪ್ಪು ದಾರಿ ಹೇಳಿ ಗೊತ್ತಿಲ್ಲದವನು. "ಸೀದಾ ಹೋಗ್ರಿ, ಬಾವಿ ಹತ್ರ ಎಡಕ್ಕ ತಿರುಗ್ರಿ. ಓಣ್ಯಾಗ ಎಲ್ಲಾಕ್ಕಿಂತ ಎತ್ತರದ ಗೋಡಿ ಕಾಣತೈತಿ. ಅದರ... ಅದರ ಆಚೀ ಮನಿ," ಎಂದ.

ಇತ್ತ ಮನೆಯಲ್ಲಿ ಉಡಚವ್ವ ರೊಟ್ಟಿಬುಟ್ಟಿಗೆ ಮುಚ್ಚಲು ಬಟ್ಟೆ ಹುಡುಕುತ್ತಿದ್ದಳು. ಬೀಗದಲ್ಲಿ ಕೀಲಿ ಕಂಡಿತು. 'ಆಫೀಸಿನ ಕಾಗದ' ಎಂದು ಮಗ ಏಳು ವರ್ಷ ಮುಟ್ಟಗೊಡದ ಟ್ರಂಕು. ಮುಚ್ಚಳ ಎತ್ತಿದಳು. ಒಣಗಿದ ಬೇವಿನ ತಪ್ಪಲು. ಕೆಂಪು ಬರಹದ ಕಾಗದದ ಗಂಟುಗಳು. ಒಂದನ್ನು ಬಿಚ್ಚಿದರೆ ರೊಟ್ಟಿ. ರೊಟ್ಟಿಯ ಮೇಲೆ ಅರ್ಧಚಂದ್ರ.

ಓಣಿಯ ಕೊನೆಯ ಮನೆಯ ಕೋಳಿಗಳೂ ಹಾರುವಂತೆ ಉಡಚವ್ವ ಕಿರಿಚಿದಳು: "ಮಾಟಾ! ನನ್ನ ಮಗನಿಗೆ ಮಾಟಾ ಮಾಡ್ಸ್ಯಾರವ್ವೋ!"

ಹಬ್ಬದ ದಿನವಾದ್ದರಿಂದ ಓಣಿಯವರೆಲ್ಲ ಮನೆಯಲ್ಲೇ ಇದ್ದರು. ಐದು ನಿಮಿಷದಲ್ಲಿ ಯಾರೂ ಮನೆಯಲ್ಲಿ ಉಳಿಯಲಿಲ್ಲ. ಟ್ರಂಕು ಕಟ್ಟೆಗೆ ಬಂತು. ಲಿಂಬೆಹಣ್ಣು ಮಂತ್ರಿಸುವ ಚೌಡಪ್ಪ ಬಂದ. ಅಕ್ಷರ ಕಲಿಯದ ಚೌಡಪ್ಪ ಕೆಂಪು ಬರಹವನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ಓದಿದ.

"ರಗತದ ಬೀಜಾಕ್ಷರ. ಯಾರೂ ಓದಬ್ಯಾಡ್ರಿ, ಓದಿದವರಿಗೆ ಬಡೀತೈತಿ. ರೊಟ್ಟಿ ಎಷ್ಟು?"

"ಏಳು."

"ನಿನ್ನ ಮಗನ ಲಗ್ನ ನಿಂತು ಎಷ್ಟು ವರ್ಷಾತು?"

"ಏಳು!" ಎಂದು ಉಡಚವ್ವ ನೆಲಕ್ಕೆ ಕುಸಿದಳು.

ಶಾಸ್ತ್ರಕ್ಕೆ ಇಷ್ಟು ಸಾಕಾಯಿತು. ಕಾನೂನಿಗೆ ಸಾಲಲಿಲ್ಲ. ಊಟಕ್ಕೆಂದು ಮನೆಗೆ ಬಂದಿದ್ದ ಹವಾಲ್ದಾರ ಮಂಜಪ್ಪ, ಮೇಲೆ ಬನಿಯನ್ನು ಕೆಳಗೆ ಖಾಕಿ, ಎಡಗೈಯಲ್ಲಿ ಬದನೆಕಾಯಿ ಪಲ್ಯದ ರೊಟ್ಟಿ ಸುರುಳಿ ಹಿಡಿದುಕೊಂಡೇ ಬಂದು, ಪಂಚಮಿಗೆ ಪಂಚರು ಸಿಗುವುದು ಕಷ್ಟವಲ್ಲವೆಂದು ಐವರನ್ನು ನಿಲ್ಲಿಸಿ ಪಂಚನಾಮೆಗೆ ಕೂತ.

ಸುದ್ದಿ ಮುಟ್ಟಿ ಫಕ್ಕೀರಪ್ಪ ತುತ್ತೂರಿಯ ಸಮೇತ ಓಡಿ ಬಂದಾಗ ಏಳೂ ರೊಟ್ಟಿಗಳನ್ನು ಇಸವಿಯ ಪ್ರಕಾರ ಕಟ್ಟೆಯ ಮೇಲೆ ಸಾಲಾಗಿ ಇಡಲಾಗಿತ್ತು. ಮಂಜಪ್ಪ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದ:

"ಸದರಿ ರೊಟ್ಟಿಗಳನ್ನು ಪಂಚರ ಸಮಕ್ಷಮ ಪರಿಶೀಲಿಸಲಾಗಿ, ಒಂದನೆಯ ರೊಟ್ಟಿಯು ಶಾಲೆಯ ಮಕ್ಕಳ ಪಾಟಿಯಷ್ಟು ದಪ್ಪವಿದ್ದು, ಆಕಾರವು ಯಾವುದೆಂದು ಹೇಳಲು ಬಾರದು. ಎರಡನೆಯದು ಪಾಟಿಗಿಂತ ತುಸು ತೆಳುವು. ಮೂರನೆಯದು ದುಂಡಾಗಲು ಪ್ರಯತ್ನಿಸಿದಂತಿದೆ. ನಾಲ್ಕನೆಯದು ಚಪ್ಪಲಿಯ ಪಟ್ಟಿಯಷ್ಟು. ಐದು, ಆರನೆಯವು ದುಂಡಾಗಿ, ಕಾಗದದ ರಟ್ಟಿನಷ್ಟು. ಏಳನೆಯ ರೊಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಲಾಗಿ ಆಚೆ ನಿಂತ ಪಂಚರ ಮುಖ ಕಾಣುವಷ್ಟು ತೆಳುವಾಗಿದ್ದು..."

ಫಕ್ಕೀರಪ್ಪ ಗುಂಪಿನ ನಡುವೆ ನಿಂತುಬಿಟ್ಟ. ವರ್ಷಕ್ಕೊಂದರಂತೆ ನೋಡಿದ್ದನೇ ಹೊರತು ಏಳನ್ನೂ ಸಾಲಾಗಿಟ್ಟು ಅವನು ಎಂದೂ ನೋಡಿರಲಿಲ್ಲ. ಪಾಟಿಯಿಂದ ಪತ್ರದವರೆಗೆ ಯಾರೋ ಏಳು ವರ್ಷ ಒಂದೇ ಮಾತನ್ನು ತಿದ್ದಿ ತಿದ್ದಿ ಬರೆದಂತಿತ್ತು. ಓದಬೇಕಾದವನು ಬೀಗ ಹಾಕಿಟ್ಟಿದ್ದ.

"ಗುರುತು ಯಾರದು?" ಎಂದ ಚೌಡಪ್ಪ.

"ಯಾರದಂತ ಕೇಳ್ತಿ? ಆ ಗೋಡಿ ಆಚಿ ಮಾಟಗಾತಿದು!" ಎಂದಳು ಉಡಚವ್ವ, ಈ ಸಲ ಎಮ್ಮೆಯ ಮಧ್ಯಸ್ಥಿಕೆ ಇಲ್ಲದೆ.

"ಹಂಗಾದ್ರ ಕೇಳ್ರಿ. ಯಾರ ಕೈ ಗುರುತೋ ಅವರ ಕೈ ಕೆಲಸ. ಆ ಕೈ ಯಾವ ಮನಿ ಹೊಸ್ತಿಲಾ ದಾಟಿದ್ರೂ ಆ ಮನಿ ಉಳ್ಯಾಂಗಿಲ್ಲ!"

ಕುಬೇರಪ್ಪನವರ ಪಡಸಾಲೆಯಲ್ಲಿ ಸವಣೂರಿನ ಹಿರಿಯರ ಬಾಯಿಗೆ ಹೊರಟಿದ್ದ ಉಪ್ಪಿಟ್ಟು ಅರ್ಧದಾರಿಯಲ್ಲಿ ನಿಂತಿತು. ತಾಟು ಕೆಳಗಿಟ್ಟು ಅವರು ಬಾಗಿಲಿಗೆ ಬಂದರು. ಹಿಂದೆ ವರ, ಹಿಂದೆ ಕುಬೇರಪ್ಪ. ಅವರೆಲ್ಲರ ಹಿಂದೆ, ಹೊಸ ಇಳಕಲ್ ಸೀರೆಯಲ್ಲಿ ಸರೋಜವ್ವ. ಅವಳು ಅಳುತ್ತಿರಲಿಲ್ಲ. ಕಟ್ಟೆಯ ಮೇಲಿನ ಸಾಲನ್ನೇ ನೋಡುತ್ತಿದ್ದಳು. ಏಳೂ ಇವೆಯೇ ಎಂದು ಎಣಿಸುವವಳ ಹಾಗೆ.

ನೋಡಿ, ಇಲ್ಲಿ ಫಕ್ಕೀರಪ್ಪ ಮಾಡಬೇಕಾದದ್ದು ಏನೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಸವಣೂರಿನವರು ಬಂದ ಬಸ್ಸಿಗೇ ಹೋಗುತ್ತಿದ್ದರು. ಇನ್ನಾರೂ ಬರುತ್ತಿರಲಿಲ್ಲ. ಟಪ ಟಪ ಸಪ್ಪಳ ಆಯುಷ್ಯಪೂರ್ತಿ ಗೋಡೆಯಾಚೆಯೇ ಇರುತ್ತಿತ್ತು, ಮಾಟಗಾತಿ ಎಂಬ ಹೆಸರು ಹೊತ್ತುಕೊಂಡು.

ಅವನು ತುತ್ತೂರಿ ಎತ್ತಿದ. ಯಾವ ದನಿಯೂ ಹೊರಡಲಿಲ್ಲ. ಕೆಳಗಿಟ್ಟ. ಕಟ್ಟೆಗೆ ಹೋಗಿ ೧೯೭೨ರ ರೊಟ್ಟಿಯನ್ನು, ಪಾಟಿಯಷ್ಟು ದಪ್ಪದ್ದನ್ನು, ಎತ್ತಿ ಕಚಕ್ಕನೆ ಕಚ್ಚಿದ.

ಟಕ್ ಎಂದಿತು.

"ಮುದ್ದೆಮಾಲು! ಸಾಕ್ಷಿ ಅದು!" ಎಂದು ಚೀರಿದ ಮಂಜಪ್ಪ.

"ಕೂಸ, ಉಗುಳೋ! ವಿಷಾ!" ಎಂದು ಚೀರಿದಳು ಉಡಚವ್ವ.

ಫಕ್ಕೀರಪ್ಪ ಅಗಿದ. ಕಣ್ಣಲ್ಲಿ ನೀರು ಬಂತು, ಆದರೂ ಅಗಿದ. "ಇದರಾಗ ಮಾಟ ಇಲ್ಲ," ಎಂದ. "ಇದ್ರ ನಾ ಇಲ್ಲೇ ಸಾಯ್ಬೇಕು. ಇಟ್ಟಾಂವ ನಾನು. ಬೇವಿನ ತಪ್ಪಲಾ ನಂದು, ಕೆಂಪು ಶಾಯಿ ನಂದು."

"ಯಾಕ ಇಟ್ಟಿ?" ಎಂದ ಚೌಡಪ್ಪ, ತನ್ನ ವೃತ್ತಿಗೆ ಪೆಟ್ಟು ಬಿದ್ದ ಕೋಪದಲ್ಲಿ.

"ತಿಂದ್ರ ಮುಗದು ಹೋಗ್ತಿತ್ತಲ್ಲ," ಎಂದ ಫಕ್ಕೀರಪ್ಪ.



"ಆ ವರ್ಷ ತುತ್ತೂರ್ಯಾಗ ಕೂಗಿದಾಂವ ನಾನು," ಎಂದ ಅವನು, ಕುಬೇರಪ್ಪನವರ ಮೀಸೆಯನ್ನು ನೋಡಿ. "ರೊಟ್ಟಿ ದಪ್ಪ ಇರಲಿಲ್ರಿ ಮಾವಾರ. ನನ್ನ ಬುದ್ಧಿ ತೆಳು ಇತ್ತು."

ಮಾವಾರ ಎಂಬುದು ನೆರೆಯ ಹಿರಿಯರನ್ನು ಕರೆಯುವ ಸಾಮಾನ್ಯ ಮಾತು. ಆದರೂ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಉಡಚವ್ವ ಸೊಂಟಕ್ಕೆ ಕೈಕೊಟ್ಟು ಎದ್ದಳು. "ಏಳು ವರ್ಷ ಊರೂರು ತಿರಗಿ ನಾ ಚಪ್ಪಲಿ ಸವಿಸೀನಿ, ನೀ ಇಲ್ಲಿ ರೊಟ್ಟಿಗೆ ಬೀಗಾ ಹಾಕ್ಕೊಂಡು ಕುಂತಿದ್ಯಾ ಭಾಡ್ಯಾ?"

ಕುಬೇರಪ್ಪನವರಿಗೆ ಈಗ ಮಾತು ಬಂತು. "ಅದಿರ್ಲಿ! ನಮ್ಮ ಮನಿ ರೊಟ್ಟಿ ಈ ಮನಿಗೆ ಹೆಂಗ ಬಂದ್ವು? ಎಂಟು ವರ್ಷಾತು ನಾವು ಇವರಿಗೆ ಒಂದು ತುಣುಕು ಕೊಟ್ಟಿಲ್ಲ. ಕಳವು! ಹವಾಲ್ದಾರ್ರ, ಬರಕೋರಿ!"

ಮಂಜಪ್ಪ ಹೊಸ ಹಾಳೆ ತೆಗೆದ. ಗೌಹರ ತಲೆ ಬಗ್ಗಿಸಿ ತನ್ನ ಕಾಲುಂಗುರವನ್ನು ಎಂದೂ ಕಾಣದವಳಂತೆ ನೋಡತೊಡಗಿದಳು. ಬಾಬಾಜಾನ ಅವಳನ್ನು ನೋಡಿ, ಏನೋ ಹೊಳೆದು, "ಅದಕ್ಕೇನ ಆ ಒಂದು ರೊಟ್ಟಿಗೆ ನಾ ಕೈ ಹಾಕಿದ್ರ ಸೌಟಿಲೆ ಹೊಡೀತಿದ್ದಿ?" ಎಂದ.

"ಕಳವಲ್ಲಪ್ಪ," ಎಂಬ ದನಿ ಬಾಗಿಲಿನಿಂದ ಬಂತು. "ನಾ ಕಳಿಸಿದ್ವು."

"ಏಳೂ?"

"ಏಳೂ." ಸರೋಜವ್ವ ಸೆರಗು ಸರಿಮಾಡಿಕೊಂಡಳು. "ಇವತ್ತಿಂದು ಕಳಸಾಕ ಆಗ್ಲಿಲ್ಲ, ನೀ ಹೊರಗ ಬಿಡ್ಲಿಲ್ಲ. ಬೀಗರು ಬರ್ತಾರಂದಿ."

ಸವಣೂರಿನ ಹಿರಿಯರು ಲೋಕ ಕಂಡವರು. ರುಮಾಲು ಸರಿಪಡಿಸಿಕೊಂಡು, ಕಟ್ಟೆಯ ಹತ್ತಿರ ಬಂದು, ಸಮಾಧಾನವಾಗಿ ಕೇಳಿದರು: "ಕಂಟ್ರೋಲರ್ ಸಾಹೇಬ್ರ, ಸವಣೂರ ಬಸ್ಸು ಇನ್ನ ಎಷ್ಟೊತ್ತಿಗೆರಿ?"

ಫಕ್ಕೀರಪ್ಪನ ಬಾಯಿ ೧೯೭೨ರಿಂದ ತುಂಬಿತ್ತು. ಎರಡು ಬೆರಳು ತೋರಿಸಿದ. ಮತ್ತೆ ಯೋಚಿಸಿ, ಅರ್ಧ ಬೆರಳು ಸೇರಿಸಿದ. ಎರಡೂವರೆ.

ಸವಣೂರಿನವರು ಹೋದರು. ಚೌಡಪ್ಪ ಲಿಂಬೆಹಣ್ಣುಗಳನ್ನು ಗೌಹರಳಿಗೆ ಉಪ್ಪಿನಕಾಯಿಗೆ ಕೊಟ್ಟು ಹೋದ. ಕುಬೇರಪ್ಪನವರು ಬಾಗಿಲು ಮುಚ್ಚಿಕೊಂಡರು. ಮುಚ್ಚುವ ಮುಂಚೆ ಸರೋಜವ್ವ ಹೊರಗೆ ಬಂದು, ಓದಿದವರಿಗೆ ಬಡಿಯುವ ಆ ಕೆಂಪು ಬರಹದ ಕಾಗದಗಳನ್ನು, ಗಾಳಿಗೆ ಓಣಿಯ ತುಂಬ ಚೆದುರಿದವನ್ನು, ಒಂದೊಂದಾಗಿ ಆರಿಸಿಕೊಂಡು ಒಳಗೆ ಹೋದದ್ದನ್ನು ಮಂಜಪ್ಪ ನೋಡಿದ. ಪಂಚನಾಮೆಯಲ್ಲಿ ಅದನ್ನು ಬರೆಯಲಿಲ್ಲ.

ಮಧ್ಯಾಹ್ನ ಹೋಯಿತು. ಫಕ್ಕೀರಪ್ಪ ದವಡೆಗೆ ಬಟ್ಟೆ ಕಟ್ಟಿಕೊಂಡು, ಮುರಿದ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಗೋಡೆಯ ಬುಡದಲ್ಲಿ ಕೂತಿದ್ದ. ಆಚೆಯಿಂದ ಸಪ್ಪಳವೇ ಇಲ್ಲ. ಎಂಟು ವರ್ಷದಲ್ಲಿ ಗೋಡೆ ಇಷ್ಟು ಎತ್ತರವೆಂದು ಅವನಿಗೆ ಎಂದೂ ಅನಿಸಿರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗೌಹರ ಬಂದಳು. ಸೆರಗಿನ ಕೆಳಗಿನಿಂದ ಒಂದು ಗಂಟು ತೆಗೆದು, "ಈ ವರ್ಷದ್ದು," ಎಂದಳು. "ನನಗ ವಯಸ್ಸಾತು ತಮ್ಮಾ. ಮುಂದಿನ ವರ್ಷ ನಾ ಹೊರೂದಿಲ್ಲ."

ಗಾಳಿಗೆ ಹಾರುವಷ್ಟು ತೆಳುವಾದ ರೊಟ್ಟಿ. ಸುತ್ತಿದ್ದು ೧೯೭೮ರ ಹಾಳೆ. 'ಚಾಲಕನಿಗೆ ಧೈರ್ಯವಿಲ್ಲ' ಎಂಬ ಕೆಂಪು ಸಾಲಿನ ಕೆಳಗೆ ಮಸಿಯ ಕಡ್ಡಿಯಲ್ಲಿ ಬರೆದಿತ್ತು: 'ತಡ ಆಗೇತಿ. ರದ್ದಾಗಿಲ್ಲ.'

"ಏನ್ ಬರದೈತಿ?" ಎಂದಳು ಓದು ಬಾರದ ಉಡಚವ್ವ. ಮಗನ ಮುಖವನ್ನು ನೋಡಿದಳು. ಅದನ್ನು ಓದಲು ಅಕ್ಷರ ಬೇಕಿರಲಿಲ್ಲ. ಒಳಗೆ ಹೋಗಿ ತನ್ನ ಚಿವುಟು ಅಂಚಿನ ರೊಟ್ಟಿಗಳನ್ನು ತಾಟಿನಲ್ಲಿ ಒಟ್ಟಿದಳು, ಮೇಲೆ ಶೇಂಗಾ ಚಟ್ನಿ ಇಟ್ಟಳು.

"ಏಳ್. ಹಬ್ಬದಾಗ ತೊಗೊಂಡ ಮ್ಯಾಲ ತಿರುಗಿ ಕೊಡಬೇಕೋ ಬ್ಯಾಡೋ? ಜನಾ ಏನಂದಾರು?" ಎಂದು ಗದರಿದಳು. ಎಮ್ಮೆಯ ಮುಂದೆ ಹಾಯುವಾಗ ಅದಕ್ಕೂ ಹೇಳಿದಳು: "ಮೀಸಿ ಇದ್ರ ಇರ್ಲಿ ಬಿಡು. ಎಲ್ಲಾರಿಗೂ ಇರತಾವು."

ಹನ್ನೊಂದು ಹೆಜ್ಜೆ. ಮುಂದೆ ತಾಯಿ, ಹಿಂದೆ ತಾಟು ಹಿಡಿದ ಮಗ. ಓಣಿಯ ಕಿಟಕಿಗಳೆಲ್ಲ ತೆರೆದಿದ್ದವು. ಉಡಚವ್ವ ಚಿಲಕ ಬಡಿದು, ಮಗನನ್ನು ಮುಂದಕ್ಕೆ ನೂಕಿ ತಾನು ಹಿಂದೆ ಸರಿದಳು.

"ಯಾರಾಂವ?" ಎಂದಿತು ಒಳಗಿನಿಂದ ಕುಬೇರಪ್ಪನವರ ದನಿ.

ಪೈಲ್ವಾನ, ನವಾಬ, ಯಾರೂ ಫಕ್ಕೀರಪ್ಪನ ಸಹಾಯಕ್ಕೆ ಬರಲಿಲ್ಲ. ಚಿಕ್ಕೇರೂರಿನ ಕೆಮ್ಮು ಒಂದೇ ಬಂತು.

ಒಳಗೆ ಬಳೆಯ ಸದ್ದು. ಆಮೇಲೆ, ಬಸ್‌ಸ್ಟ್ಯಾಂಡಿನ ತುತ್ತೂರಿಯದೇ ಗತ್ತು, ಅದೇ ಎಳೆತ, ಎಂಟು ವರ್ಷ ಗೋಡೆಯಾಚೆ ನಿಂತು ಕಲಿತವರಿಗಷ್ಟೇ ಬರುವ ದನಿ:

"ಪ್ರಯಾಣಿಕರ ಗಮನಕ್ಕೆ! ಹಲ್ಲು ಮುರಿದವರೂ ಹತ್ತಬಹುದು."

ಅಗುಳಿ ಸರಿಯಿತು.